ಮಡಿಕೆ ಮುರಿಯದ ಎಂಟು ಶೀಟುಗಳು

"ಇದೇನೋ ಇದು? ಉಂಡೆ! ಇದನ್ನ ನಾನು ನುಂಗ್ಬೇಕಾ, ನೀನು ನುಂಗ್ತೀಯಾ?"

ಕೌಂಟರಿನವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಗಾಜಿನಾಚೆ ನಿಂತ ಸಾಲಿಗೆಲ್ಲ ಕಾಣುವಂತೆ ಹಿಡಿದ. ಬೆಂದು, ಹಿಂಡಿಹೋಗಿ, ಒಣಗಿ ನಿಂಬೆಹಣ್ಣಿನಷ್ಟಾಗಿದ್ದ ಕಾಗದ. ಒಂದು ಕಡೆ ಮಾತ್ರ ನೀಲಿ ಶಾಯಿಯ ಗುರುತು ಉಳಿದಿತ್ತು.

"ಕ್ಲಿನಿಕ್ಕಿನವರು ಬರ್ಕೊಟ್ಟ ಚೀಟಿ ಸಾರ್. ನಮ್ಮಕ್ಕಂದು. ಬಟ್ಟೆ ಬೇಯಿಸೋ ಬಾಯ್ಲರ್‌ಗೆ ಹೋಗ್ಬಿಡ್ತು."

"ಬಾಯ್ಲರ್‌ಗೆ ಯಾಕೆ ಹಾಕ್ದೆ? ಬೇಯಿಸ್ಕೊಂಡು ತಿನ್ನೋಣ ಅಂತಾನಾ?"

ಸಾಲಿನಲ್ಲಿ ಇಬ್ಬರು ನಕ್ಕರು. ನಕ್ಕವರ ಕೈಯಲ್ಲೂ ಚೀಟಿಗಳಿದ್ದವು. ಅವರವು ಒಣಗಿದ್ದವು.

ಕೌಂಟರಿನವನನ್ನು ನಾವು ಸೀಲಪ್ಪ ಅನ್ನುತ್ತೇವೆ. ಕೈಯಲ್ಲಿ ಸದಾ ಸೀಲು. ಒತ್ತಲು ಕಾಗದ ಇಲ್ಲದಾಗ ಬರಿ ಮೇಜಿಗೇ ಕುಟ್ಟುತ್ತಿರುತ್ತಾನೆ. ಈಗಲೂ ಕುಟ್ಟಿದ.

"ನೋಡು, ಇದಕ್ಕೊಂದು ಸಿಸ್ಟಂ ಅಂತ ಇದೆ. ಇಡೀ ದೇಶಕ್ಕೆ ಒಂದೇ ಸಿಸ್ಟಂ. ಮಂತ್ರಿಗೂ ಇದೇ, ನಿನ್ನಂಥ ಹೇಲುಬಟ್ಟೆ ಒಗೆಯೋನ್ಗೂ ಇದೇ. ಮೊದಲು ನಿನ್ನ ಏರಿಯಾ ಕ್ಲಿನಿಕ್ಕು. ಅಲ್ಲಿಂದ ಚೀಟಿ. ಚೀಟಿ ತಂದ್ರೆ ಇಲ್ಲಿ ತಾರೀಖು. ತಾರೀಖಿನ ದಿನ ಬಂದ್ರೆ ಡಾಕ್ಟ್ರು. ಡಾಕ್ಟ್ರು ಬರೆದ್ರೆ ಹಾಸಿಗೆ. ಸಣ್ಣ ಮಗೂಗೂ ಅರ್ಥ ಆಗುತ್ತೆ. ನಿನ್ನ ತಲೇಲಿ ಏನಿದೆ, ಸೋಪಿನ ನೊರೆನಾ?"

"ಆ ಚೀಟಿ ನೋಡಿ ನೀವೇ ತಾರೀಖು ಕೊಟ್ರಿ ಸಾರ್, ಆರು ದಿನದ ಹಿಂದೆ. ನಿಮ್ಮ ಪುಸ್ತಕದಲ್ಲಿ ಇರುತ್ತೆ ನೋಡಿ."

"ಪುಸ್ತಕದಲ್ಲಿ ತಾರೀಖು ಇರುತ್ತೆ. ಚೀಟಿ ಇರಲ್ಲ. ಚೀಟಿ ಇಲ್ಲದ ತಾರೀಖು ಅಂದ್ರೆ ಗಂಡಿಲ್ಲದ ಬಸಿರು. ಯಾರೂ ಒಪ್ಕೊಳಲ್ಲ. ಹೋಗು, ಹೊಸ ಚೀಟಿ ತಗೊಂಡು ಬಾ. ಮುಂದಿನೋರು ಬನ್ನಿ!"

ಉಂಡೆಯನ್ನು ಗಾಜಿನ ಕೆಳಗಿನ ಸಂದಿಯಿಂದ ನನ್ನ ಕಡೆ ಉರುಳಿಸಿದ. ಅದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ.

ಅಕ್ಕ ಗೋಡೆಯ ಬೆಂಚಿನಲ್ಲಿ ಕೂತಿದ್ದಳು. ಬಲಗೈಯನ್ನು ಹಳೇ ದಿಂಬಿನ ಚೀಲದೊಳಗಿಟ್ಟು ಎದೆಗೆ ಒತ್ತಿಕೊಂಡಿದ್ದಳು, ಯಾರದೋ ಮಗುವನ್ನು ಹಿಡಿದವಳ ಹಾಗೆ.

"ಏನಂದ?"

"ಗಂಡ ಬೇಕಂತೆ."

"ಇದ್ದ ಒಬ್ಬನೂ ಓಡಿಹೋದ. ಈಗೆಲ್ಲಿಂದ ತರ್ಲೋ?" ಅಂದು ನಕ್ಕಳು. ನಕ್ಕಿದ್ದಕ್ಕೇ ಕೈ ಅಲುಗಿ ಕಣ್ಣು ಮುಚ್ಚಿಕೊಂಡಳು.

*

ಆ ಆಸ್ಪತ್ರೆಯ ಮೇಲೆ ಆರು ಮಹಡಿ. ಕೆಳಗೆ ಒಂದು ನೆಲಮಾಳಿಗೆ. ಅಲ್ಲಿ ಹನ್ನೊಂದು ಜನ ಬಟ್ಟೆ ಒಗೆಯುತ್ತೇವೆ. ನಾವು ಆಸ್ಪತ್ರೆಯವರಲ್ಲ, ಕಂಟ್ರಾಕ್ಟರಿನವರು. ಎದೆಯ ಮೇಲಿನ ಬಿಲ್ಲೆಯಲ್ಲಿ ಅವನ ಹೆಸರಿದೆ, ನಮ್ಮದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಒಗೆದ ಶೀಟುಗಳನ್ನು ತಳ್ಳುಗಾಡಿಯಲ್ಲಿ ತುಂಬಿ ಮಹಡಿ ಮಹಡಿಗೆ ಕೊಡಬೇಕು. ಹೊಲಸಾದವನ್ನು ಮೂಟೆ ಕಟ್ಟಿ, ಪ್ರತಿ ಮಹಡಿಯ ಮೂಲೆಯಲ್ಲಿರುವ ಕೊಳವೆಗೆ ಬಿಡಬೇಕು. ಅದು ಜಾರಿಕೊಂಡು ನೇರ ನೆಲಮಾಳಿಗೆಗೆ ಬಂದು ಬೀಳುತ್ತದೆ. ನಡುವೆ ಗಂಟು ಬಿಚ್ಚಿಕೊಂಡರೆ ಆರು ಮಹಡಿಯ ಉಚ್ಚೆ, ರಕ್ತ, ವಾಂತಿ ಎಲ್ಲ ಕೊಳವೆಯ ಗೋಡೆಗೆ. ಅದನ್ನು ತೊಳೆಯಲು ಒಳಗೆ ಇಳಿಯಬೇಕಾದವರೂ ನಾವೇ. ಅದಕ್ಕೇ ನಮ್ಮಲ್ಲೊಂದು ಗಂಟಿದೆ. ಹರಿದ ಶೀಟಿನ ಪಟ್ಟಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತೇವೆ, ಅದರಲ್ಲಿ ಹಾಕುವ ಗಂಟು. ಎಳೆದಷ್ಟೂ ಬಿಗಿಯುತ್ತದೆ. ಎಲ್ಲಿ ಒತ್ತಿದರೆ ಬಿಚ್ಚುತ್ತದೆ ಎಂಬುದು ನಮ್ಮ ಹನ್ನೊಂದು ಜನಕ್ಕಷ್ಟೇ ಗೊತ್ತು. ನಾನು ಶಾಲೆ ಬಿಟ್ಟು ಬಂದ ಮೊದಲ ದಿನ ಅಕ್ಕ ಕಲಿಸಿದ್ದು ಇದನ್ನೇ. "ಅಕ್ಷರ ಮರೆತ್ರೂ ಪರವಾಗಿಲ್ಲ, ಇದನ್ನ ಮರೀಬೇಡ" ಅಂದಿದ್ದಳು.

ಎರಡನೆಯದಾಗಿ ಕಲಿಸಿದ್ದು ಜೇಬು. ಡಾಕ್ಟರು, ನರ್ಸುಗಳ ಕೋಟು ಬಾಯ್ಲರಿಗೆ ಹೋಗುವ ಮೊದಲು ಪ್ರತಿ ಜೇಬಿಗೂ ಕೈ ಹಾಕಿ ನೋಡಬೇಕು. ಪೆನ್ನು, ಬೀಗದ ಕೈ, ಉಂಗುರ, ಅರ್ಧ ತಿಂದ ಬಿಸ್ಕತ್ತು, ಒಬ್ಬ ಮದುವೆಯಾದ ಡಾಕ್ಟರಿಗೆ ಇನ್ಯಾರೋ ಬರೆದ ಪತ್ರ, ಏನೇನೋ ಸಿಕ್ಕಿವೆ. ಎಲ್ಲವನ್ನೂ ಅಕ್ಕ ಅವರವರ ಕೈಗೆ ಮುಟ್ಟಿಸಿದ್ದಾಳೆ. ಆರನೇ ಮಹಡಿಯ ದಪ್ಪ ನರ್ಸಮ್ಮನ ಜೇಬಿನಲ್ಲಿ ಯಾವಾಗಲೂ ಒಂದು ಮೂತಿ ಬಾಗಿದ ಕತ್ತರಿ. ಎರಡು ಸಲ ನಾನೇ ಮೇಲೆ ಹೋಗಿ ವಾಪಸು ಕೊಟ್ಟಿದ್ದೆ.

ಶೀಟಿನ ಅಂಚಿನ ಪಟ್ಟಿ ನೋಡಿದರೆ ಯಾವ ಮಹಡಿಯದೆಂದು ಗೊತ್ತಾಗುತ್ತದೆ. ಹೆರಿಗೆಯವರದು ಕೆಂಪು, ಮಕ್ಕಳದು ಹಳದಿ, ಮೂಳೆ ಮುರಿದವರದು ಕಂದು. ಆರನೇ ಮಹಡಿಯ ಕೊನೆಯ ಓಣಿಯದು ನೀಲಿ. ಅಲ್ಲಿ ಎಂಟು ಕೋಣೆ, ಎಂಟು ಮಂಚ. ವಾರಕ್ಕೊಮ್ಮೆ ಶೀಟು ಬದಲಿಸಲೇಬೇಕೆಂದು ನಿಯಮ. ಹಾಗಾಗಿ ಪ್ರತಿ ಸೋಮವಾರ ನೀಲಿ ಪಟ್ಟಿಯ ಎಂಟು ಶೀಟುಗಳು ಕೆಳಗೆ ಬರುತ್ತವೆ. ಬಂದಾಗ ಅವುಗಳ ಮೇಲೆ ನಮ್ಮ ಇಸ್ತ್ರಿಯ ಮಡಿಕೆಗಳು ಹಾಗೇ ಇರುತ್ತವೆ. ಒಂದು ಕೂದಲಿಲ್ಲ, ಒಂದು ಬೆವರಿನ ಕಲೆಯಿಲ್ಲ. ಹೊಲಸಾಗದ್ದನ್ನು ಒಗೆದು, ಒಣಗಿಸಿ, ಅದೇ ಗೆರೆಯ ಮೇಲೆ ಇಸ್ತ್ರಿ ಹಾಕಿ ಮತ್ತೆ ಮೇಲಕ್ಕೆ ಕಳಿಸುತ್ತೇವೆ.

"ಬಂದ್ರು ನೋಡ್ರೇ ಕನ್ಯೆಯರು," ಅನ್ನುತ್ತಿದ್ದಳು ಅಕ್ಕ. "ಯಾವ ಗಂಡ್ಸಿನ ಮೈಯೂ ಸೋಕಿಲ್ಲ. ನಮ್ಮ ಹಾಗೆ ಹರಕು ಮುದುಕಿಯರಾಗೋ ಯೋಗ ಇವಕ್ಕಿಲ್ಲ."

ಮೊದಮೊದಲು ನನಗೆ ತಿಳಿದಿರಲಿಲ್ಲ. ಇಸ್ತ್ರಿ ತಾತನನ್ನು ಕೇಳಿದ್ದೆ. ಅವನು ಇಲ್ಲಿ ಮೂವತ್ತು ವರ್ಷದವನು.

"ಅವು ಬರೋರಿಗೆ ಇಟ್ಟಿರೋ ಹಾಸಿಗೆ ಕಣೋ."

"ಯಾರು ಬರ್ತಾರೆ ತಾತ?"

"ಬರೋರು." ಇಸ್ತ್ರಿಗೆ ನೀರು ಚಿಮುಕಿಸಿ ಅಂದ, "ಅವರು ಬಂದಾಗ ಇಲ್ಲ ಅನ್ನಬಾರ್ದಲ್ಲ, ಅದಕ್ಕೆ. ನಾವು ಬಂದಾಗ ಅನ್ಬೋದು."

*

ಅಕ್ಕನ ಕೈ ಕೆಡಿಸಿದ ಸೂಜಿ ಇದ್ದದ್ದು ಆಪರೇಷನ್ ಕೋಣೆಯ ಮೂಟೆಯಲ್ಲಿ. ರಬ್ಬರ್ ಕೈಗವಸು ಮೂವರಿಗೆ ಒಂದು ಜೊತೆ. ಅವತ್ತು ಅಕ್ಕನ ಸರದಿಯಲ್ಲ. ಶೀಟು ಕೊಡವಲು ಕೈ ಹಾಕಿದವಳು "ಹಾ" ಅಂದಳು ಅಷ್ಟೆ. ನಡುಬೆರಳಿನ ಬುಡದಲ್ಲಿ ಸೂಜಿ ಅರ್ಧ ಇಂಚು ಒಳಗಿತ್ತು. ಕಿತ್ತು ಬಿಸಾಕಿ, ಬೆರಳನ್ನು ಒಗೆಯುವ ಸೋಡಾದ ನೀರಿಗೆ ಅದ್ದಿ, ಮತ್ತೆ ಕೆಲಸಕ್ಕೆ ನಿಂತಳು.

ಮೂರನೇ ದಿನ ಕೈ ಊದಿತು. ಕಂಟ್ರಾಕ್ಟರಿನ ಮೇಸ್ತ್ರಿಗೆ ತೋರಿಸಿದೆ.

"ಗಾಯದ ಪುಸ್ತಕದಲ್ಲಿ ಬರ್ಕೊಳ್ಳಿ ಮೇಸ್ತ್ರಿ. ಮೇಲೆ ನರ್ಸ್ ಹತ್ರ ಕರ್ಕೊಂಡು ಹೋಗಿ."

"ಪುಸ್ತಕದಲ್ಲಿ ಬರೆದ್ರೆ ಕಂಟ್ರಾಕ್ಟ್ರು ನನ್ನ ಮುಕಳಿಗೆ ಒದೀತಾನೆ. ಮೂರು ವರ್ಷದಿಂದ ಆ ಪುಸ್ತಕ ಖಾಲಿ ಇದೆ ಅಂತಾನೇ ಅವನಿಗೆ ಈ ಕೆಲಸ ಸಿಕ್ಕಿರೋದು. ಮೇಲಿನ ನರ್ಸು ಆಸ್ಪತ್ರೆಯವರನ್ನ ನೋಡ್ತಾಳೆ. ನೀವು ಆಸ್ಪತ್ರೆಯವರಾ?"

"ಆಸ್ಪತ್ರೆ ಸೂಜಿ ತಾನೇ ಚುಚ್ಚಿದ್ದು?"

"ಬಾಯಿ ಬೆಳೀತಿದೆ ನಿಂಗೆ. ನಿಮ್ಮ ಏರಿಯಾ ಕ್ಲಿನಿಕ್ಕಿಗೆ ಹೋಗ್ರೋ. ಎರಡು ದಿನದ ಮೇಲೆ ರಜಾ ಹಾಕಿದ್ರೆ ಅವಳ ಜಾಗಕ್ಕೆ ಬೇರೆಯವರು ಬರ್ತಾರೆ, ಈಗ್ಲೇ ಹೇಳಿದೀನಿ."

ನಮ್ಮ ಶೆಡ್ಡು ಇರುವುದು ಆಸ್ಪತ್ರೆಯ ಹಿಂದಿನ ಗೋಡೆಗೆ ಆತುಕೊಂಡು. ನಮ್ಮ ಕ್ಲಿನಿಕ್ಕು ಇರುವುದು ನಾಲ್ಕು ಮೈಲಿ ಆಚೆ, ರೈಲು ಹಳಿ ದಾಟಿ. ನಮ್ಮ ಕಾರ್ಡಿನಲ್ಲಿರುವುದು ಅಲ್ಲಿದ್ದ ಹಳೇ ಮನೆಯ ವಿಳಾಸ. ಆ ಮನೆ ಕೆಡವಿ ಐದು ವರ್ಷವಾಯಿತು. ವಿಳಾಸ ಮಾತ್ರ ಬಿದ್ದಿಲ್ಲ.

ಕ್ಲಿನಿಕ್ಕಿನ ಗೋಡೆಯ ಮೇಲೆ ದೊಡ್ಡ ಚಿತ್ರ. ನಾಲ್ಕು ಮೆಟ್ಟಿಲು. ಮೊದಲ ಮೆಟ್ಟಿಲ ಮೇಲೆ ಕ್ಲಿನಿಕ್ಕು, ಕೊನೆಯ ಮೆಟ್ಟಿಲ ಮೇಲೆ ನಮ್ಮದೇ ಆಸ್ಪತ್ರೆಯಂಥ ಆರು ಮಹಡಿ ಕಟ್ಟಡ. ಅಪ್ಪ, ಅಮ್ಮ, ಅಜ್ಜಿ, ಎರಡು ಮಕ್ಕಳು ಹಲ್ಲು ಬಿಟ್ಟುಕೊಂಡು ಹತ್ತುತ್ತಿದ್ದರು. ಯಾರಿಗೂ ಏನೂ ಕಾಯಿಲೆ ಇದ್ದ ಹಾಗೆ ಕಾಣಲಿಲ್ಲ. ಕೆಳಗೆ "ಒಂದೊಂದೇ ಮೆಟ್ಟಿಲು, ಎಲ್ಲರಿಗೂ ಆರೋಗ್ಯ" ಎಂದು ಬರೆದಿತ್ತು. ನಮ್ಮ ಸರದಿ ಬರುವವರೆಗೆ ಐದು ಗಂಟೆ ಅದನ್ನೇ ನೋಡಿದೆವು.

"ಬರೆದೋನು ಒಂದು ಮರ್ತಿದಾನೆ ನೋಡು," ಅಂದಳು ಅಕ್ಕ.

"ಏನು?"

"ಆ ಕೊನೇ ಮೆಟ್ಟಿಲ ಕೆಳಗೆ ಒಂದು ತೂತು. ನಾವಲ್ಲೇ ಇರೋದು. ಅಲ್ಲಿಂದ ಇಷ್ಟು ದೂರ ನಡೆದು ಬಂದು, ಮೊದಲ ಮೆಟ್ಟಿಲಿಂದ ಹತ್ತಿ, ನಮ್ಮ ತಲೆ ಮೇಲಿನ ಮನೆಗೇ ಹೋಗ್ಬೇಕು. ಒಳ್ಳೇ ಸಿಸ್ಟಂ."

ಒಳಗಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವಳಂತೆ ಕಂಡಳು. ಮೇಜಿನ ಮೇಲೆ ಚೀಟಿಗಳ ರಾಶಿ, ಅದರ ಪಕ್ಕ ಮುಟ್ಟದ ಊಟದ ಡಬ್ಬಿ. ಅಕ್ಕನ ಅಂಗೈಯನ್ನು ಒಂದೇ ಒಂದು ಕಡೆ ಒತ್ತಿದಳು. ಅಕ್ಕ ಎದ್ದುನಿಂತುಬಿಟ್ಟಳು.

"ಬೆರಳಿನ ನರದ ದಾರಿ ಹಿಡಿದು ಕೀವು ಒಳಗೆ ಹೋಗಿದೆ. ಕೊಯ್ದು ತೆಗೀಬೇಕು, ಬಾಟಲಿ ಹಾಕ್ಬೇಕು. ಇಲ್ಲಿ ಆಗಲ್ಲ. ದೊಡ್ಡಾಸ್ಪತ್ರೆಗೆ ಹೋಗಿ. ಇವತ್ತೇ."

"ಅಲ್ಲಿಂದಾನೇ ಬಂದ್ವಿ ಮೇಡಂ."

ಅವಳು ನನ್ನ ಮುಖ ನೋಡಿದಳು. ಚೀಟಿಯಲ್ಲಿ 'ತುರ್ತು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಎರಡನೇ ಗೆರೆಗೆ ಕಾಗದ ಹರಿಯಿತು.

ಅದನ್ನೇ ಅವತ್ತು ಸೀಲಪ್ಪನ ಮುಂದೆ ಹಿಡಿದೆವು. "ಎಲ್ಲಾರೂ ತುರ್ತು ಅಂತ ಬರೆಸ್ಕೊಂಡೇ ಬರ್ತಾರೆ. ತುರ್ತು ಅಲ್ಲದ ರೋಗ ಈ ದೇಶದಲ್ಲಿ ಯಾರ್ಗಿದೆ?" ಅಂದು ಹನ್ನೊಂದು ದಿನದ ಮೇಲಿನ ತಾರೀಖು ಕೊಟ್ಟ. ಅಷ್ಟು ದಿನ ಕಾಯಲು ಆಗದಿದ್ದರೆ ತುರ್ತು ಚಿಕಿತ್ಸೆಯ ಬಾಗಿಲಿಗೆ ಹೋಗಿ ಅಂದ. ಹೋದೆವು. ಅಲ್ಲಿ ಬಾಗಿಲಲ್ಲೇ ಒಬ್ಬ ಬಂದವರ ಕೈಗೆ ಬಣ್ಣದ ಪಟ್ಟಿ ಹಾಕುತ್ತಿದ್ದ. ಸಾಯುವವರಿಗೆ ಕೆಂಪು, ಸಾಯಬಹುದಾದವರಿಗೆ ಹಳದಿ, ಉಳಿದವರಿಗೆ ಹಸಿರು.

"ನಡ್ಕೊಂಡು ಬಂದ್ಳಾ?"

"ಹೂಂ."

"ಹಸಿರು."

"ಬಿದ್ಕೊಂಡು ಬಂದಿದ್ರೆ ಕೆಂಪು ಸಿಗ್ತಿತ್ತೇನಣ್ಣ?" ಅಂದಳು ಅಕ್ಕ.

"ಬಿದ್ದು ನೋಡು."

ಹಸಿರು ಪಟ್ಟಿಯವರ ಕುರ್ಚಿಗಳಲ್ಲಿ ಆರು ಗಂಟೆ ಕೂತೆವು. ಕೊನೆಗೆ ಯಾರೋ ಬಂದು ನೋವಿನ ಮಾತ್ರೆ ನಾಲ್ಕು ಕೊಟ್ಟು, ತಾರೀಖಿನ ದಿನ ಚೀಟಿ ಸಮೇತ ಬನ್ನಿ, ಚೀಟಿ ಕಳೀಬೇಡಿ ಅಂದರು.

ಮಾತ್ರೆ ನುಂಗಿ ಅಕ್ಕ ಮಾರನೇ ದಿನವೇ ಕೆಲಸಕ್ಕೆ ಇಳಿದಳು, ಒಂದೇ ಕೈಯಲ್ಲಿ. ಚೀಟಿಯನ್ನು ಶೆಡ್ಡಿನಲ್ಲಿಟ್ಟರೆ ಇಲಿ ಕಡಿಯುತ್ತದೆಂದು ತನ್ನ ಕೆಲಸದ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದಳು. ನಾಲ್ಕು ದಿನ ಹಾಗೆ ದೂಡಿದಳು. ಐದನೇ ದಿನ ಸಂಜೆ ಜ್ವರದಲ್ಲಿ ನಡುಗುತ್ತ ಕೋಟು ಬಿಚ್ಚಿ, ಎಲ್ಲರ ಕೋಟುಗಳ ರಾಶಿಗೆ ಎಸೆದಳು. ರಾಶಿ ಬಾಯ್ಲರಿಗೆ ಹೋಯಿತು. ಮೇಲಿನವರ ಕೋಟುಗಳ ಜೇಬನ್ನು ಅವತ್ತೂ ಒಂದೂ ಬಿಡದೆ ನೋಡಿದ್ದಳು. ನಮ್ಮ ಕೋಟುಗಳ ಜೇಬನ್ನು ಯಾರೂ ಯಾವತ್ತೂ ನೋಡುವುದಿಲ್ಲ. ಅವುಗಳಲ್ಲಿ ಏನಿರುತ್ತದೆ?

ಚರಂಡಿಯ ಜಾಲರಿಗೆ ಸಿಕ್ಕಿದ್ದ ಉಂಡೆಯನ್ನು ಇಸ್ತ್ರಿ ತಾತ ತಂದು ಅವಳ ಎಡಗೈಯಲ್ಲಿಟ್ಟ. ಅಕ್ಕ ಅದನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಊರವರ ಜೇಬೆಲ್ಲಾ ನೋಡ್ದೆ ಕಣೋ. ನಂಗೂ ಒಂದು ಜೇಬಿದೆ ಅನ್ನೋದೇ ಮರ್ತೆ."

*

ಅವತ್ತು ಉಂಡೆ ಎತ್ತಿಕೊಂಡು ಅಕ್ಕನ ಬೆಂಚಿನ ಹತ್ತಿರ ನಿಂತವನು ತಲೆಯೆತ್ತಿದೆ. ಸೀಲಪ್ಪನ ತಲೆಯ ಮೇಲೆ ಒಂದು ಹಲಗೆ. ದಿನವೂ ಅದೇ ಅಂಕಿ. 'ಖಾಲಿ ಹಾಸಿಗೆ: 0'. ಸೊನ್ನೆಗೆ ಪೇಂಟ್ ಹಾಕಿಬಿಟ್ಟಿದ್ದರು.

ಮತ್ತೆ ಗಾಜಿನ ಹತ್ತಿರ ಹೋದೆ.

"ಸಾರ್, ಎಂಟು ಹಾಸಿಗೆ ಖಾಲಿ ಇವೆ."

"ಏನಂದೆ?"

"ಆರನೇ ಮಹಡಿ, ಕೊನೇ ಓಣಿ. ಎಂಟೂ ಖಾಲಿ. ಹೋದ ವರ್ಷದಿಂದ ಅವುಗಳ ಮೇಲೆ ಯಾರೂ ಮಲಗಿಲ್ಲ. ಶೀಟು ಒಗೆಯೋದು ನಾನೇ. ಮಡಿಕೆ ಮುರಿದಿಲ್ಲ."

ಸೀಲು ಕುಟ್ಟುವುದು ನಿಂತಿತು. ಸಾಲಿನಲ್ಲಿ ಚೀಟಿ ಹಿಡಿದು ನಿಂತವರೆಲ್ಲ ನನ್ನ ಕಡೆ ತಿರುಗಿದರು. ಸೀಲಪ್ಪ ಫೋನೆತ್ತಿದ.

ಮೇಸ್ತ್ರಿ ಬರಲು ಮೂರು ನಿಮಿಷವೂ ಆಗಲಿಲ್ಲ. ಅಕ್ಕನ ಕೈ ಊದಿದಾಗ ನರ್ಸ್ ಹತ್ತಿರವರೆಗೂ ಬಾರದವನು. ಕುತ್ತಿಗೆಪಟ್ಟಿ ಹಿಡಿದು ಹೊರಗೆಳೆದು, ಅಕ್ಕನ ಕಣ್ಣೆದುರೇ ಕೆನ್ನೆಗೆ ಬಾರಿಸಿದ.

"ಬೋಳಿಮಗನೇ, ಮೇಲಿನೋರ ಮಂಚದ ಲೆಕ್ಕ ಹೇಳೋಕೆ ನೀನ್ಯಾವನೋ? ನೀನು ನೋಡಿದ್ದು ಶೀಟು. ಹಾಸಿಗೆ ಅಲ್ಲ. ಇನ್ನೊಂದ್ಸಲ ಬಾಯಿ ಬಿಟ್ರೆ ಅಕ್ಕತಮ್ಮ ಇಬ್ರೂ ಶೆಡ್ಡು ಖಾಲಿ ಮಾಡ್ಬೇಕಾಗುತ್ತೆ."

"ಅವನನ್ನ ಹೊಡೀಬೇಡಿ ಮೇಸ್ತ್ರಿ," ಅಂದಳು ಅಕ್ಕ ಕೂತಲ್ಲಿಂದಲೇ. "ನಿಮ್ಮ ಅಂಗಿ ಜೇಬಲ್ಲಿ ಹೋದ ವಾರ ಏನು ಸಿಕ್ತು ಅಂತ ನಾನು ನಿಮ್ಮ ಹೆಂಡ್ತಿಗೆ ಹೇಳ್ಲಿಲ್ಲವಲ್ಲ."

ಮೇಸ್ತ್ರಿ ಉಗಿದು ಹೋದ.

ನಾಲ್ಕು ಮೈಲಿ ನಡೆದು ಕ್ಲಿನಿಕ್ಕಿಗೆ ಹೋದೆವು. ಅರ್ಧ ದಾರಿ ಅಕ್ಕ ನಡೆದಳು, ಅರ್ಧ ದಾರಿ ನಾನು ಹೊತ್ತೆ. ಬಾಗಿಲಲ್ಲಿ ಕಾಂಪೌಂಡರ್ ಪೊರಕೆ ಹಿಡಿದು ನಿಂತಿದ್ದ. ಡಾಕ್ಟರಮ್ಮನನ್ನು ಬೇರೆ ಕಡೆ ಹಾಕಿದ್ದಾರೆ, ಹೊಸಬರು ಶುಕ್ರವಾರ ಬರುತ್ತಾರೆ ಅಂದ. ಅವತ್ತು ಮಂಗಳವಾರ. ಅವನ ಹಿಂದೆ ಗೋಡೆಯ ಮೇಲೆ ಆ ಮನೆಯವರು ಇನ್ನೂ ಹಲ್ಲು ಬಿಟ್ಟುಕೊಂಡು ಹತ್ತುತ್ತಲೇ ಇದ್ದರು.

*

ಬುಧವಾರ ಬೆಳಿಗ್ಗೆ ಅಕ್ಕ ಮಲಗಿದಲ್ಲೇ ಗಾಳಿಯಲ್ಲಿ ಶೀಟು ಮಡಿಸುತ್ತಿದ್ದಳು. ಎಡಗೈಯಲ್ಲಿ ಒಂದು ತುದಿ, ಕಾಣದ ಇನ್ನೊಂದು ತುದಿ. "ಹಿಡ್ಕೊಳೋ ಗುಂಡ, ಸರಿಯಾಗಿ ಹಿಡಿ, ಸೊಟ್ಟ ಆಗ್ತಿದೆ" ಅನ್ನುತ್ತಿದ್ದಳು. ದಿಂಬಿನ ಚೀಲ ತೆಗೆದು ನೋಡಿದೆ. ಅಂಗೈ ಕಪ್ಪಾಗಿತ್ತು. ಮಣಿಕಟ್ಟಿನಿಂದ ಹೊರಟ ಒಂದು ಕೆಂಪು ಗೆರೆ ಮೊಣಕೈ ದಾಟಿ, ತೋಳು ದಾಟಿ, ಕಂಕುಳಿಗೆ ಮುಟ್ಟಿತ್ತು. ಇದು ಯಾರೂ ಎಳೆದ ಗೆರೆಯಲ್ಲ, ಆದರೂ ಡಾಕ್ಟರಮ್ಮ ಎಳೆದ ಎರಡು ಗೆರೆ ನೆನಪಾಯಿತು.

ತಳ್ಳುಗಾಡಿ ತಂದು ಅವಳನ್ನು ಮಲಗಿಸಿ ತುರ್ತು ಬಾಗಿಲಿಗೆ ತಳ್ಳಿಕೊಂಡು ಹೋದೆ. ಪಟ್ಟಿ ಹಾಕುವವನು ಅವಳ ಕೈ ನೋಡಿದ. ಊದಿದ ಕೈಯಲ್ಲ, ಇನ್ನೊಂದು.

"ಹಸಿರು ಹಾಕಿದೆಯಲ್ಲ?"

"ಅದು ಹೋದ ವಾರದ್ದು ಸಾರ್. ಈಗ ನಡೀತಿಲ್ಲ, ಬಿದ್ದಿದಾಳೆ. ನೀವೇ ಹೇಳಿದ್ರಲ್ಲ, ಬಿದ್ದು ನೋಡು ಅಂತ."

"ಒಂದ್ಸಲ ಹಾಕಿದ ಪಟ್ಟಿ ಬದ್ಲಾಯ್ಸೋಕೆ ಡಾಕ್ಟ್ರೇ ಬೇಕು. ಡಾಕ್ಟ್ರು ರೌಂಡ್ಸಲ್ಲಿದಾರೆ. ಬದ್ಲಾಯ್ಸಿದ್ರೂ ಹಾಸಿಗೆ ಇಲ್ಲ. ಗಾಡಿ ಪಕ್ಕಕ್ಕೆ ಹಾಕು, ದಾರಿಗೆ ಅಡ್ಡ."

ಪಕ್ಕಕ್ಕೆ ಹಾಕಿದೆ. ಒಂದು ಗಂಟೆಯಾಯಿತು. ಎರಡಾಯಿತು. ಡಾಕ್ಟರು ಬರಲಿಲ್ಲ. ಅಕ್ಕ ಮಡಿಸುವುದನ್ನು ನಿಲ್ಲಿಸಿದಳು. ಅದು ನಿಂತದ್ದೇ ನನಗೆ ಹೆದರಿಕೆಯಾಯಿತು.

ಗಡಿಯಾರ ನೋಡಿದೆ. ಹತ್ತು ಗಂಟೆ. ಶೀಟು ಮೇಲಕ್ಕೆ ಹೋಗುವ ಹೊತ್ತು.

ಗಾಡಿಯನ್ನು ನೆಲಮಾಳಿಗೆಗೆ ತಿರುಗಿಸಿದೆ. ಇಸ್ತ್ರಿ ತಾತ ಗಾಡಿಯೊಳಗೆ ನೋಡಿದ, ನನ್ನನ್ನು ನೋಡಿದ.

"ಎಲ್ಲಿಗೆ?"

"ಮೇಲಕ್ಕೆ."

"ಎಷ್ಟು ಮೇಲಕ್ಕೆ?"

"ಕೊನೇವರೆಗೂ."

ತಾತ ಇಸ್ತ್ರಿ ಇಳಿಸಿದ. ನೀಲಿ ಪಟ್ಟಿಯ ಶೀಟುಗಳಿಂದ ಎರಡನ್ನು ತೆಗೆದು, ಇನ್ನೂ ಬಿಸಿಯಿದ್ದವು, ಅಕ್ಕನ ಮೇಲೆ ಹರಡಿದ. ಅಂಚನ್ನು ಕೈಯಲ್ಲೇ ತಟ್ಟಿ ಸರಿಮಾಡಿದ.

ಲಿಫ್ಟಿನವನು ಕಾಲಿನಿಂದ ಗಾಡಿಯನ್ನು ಒಳಗೆಳೆದ. "ಏನೋ, ಇವತ್ತು ಭಾರ?"

"ಒದ್ದೆ," ಅಂದೆ.

ಆರನೇ ಮಹಡಿಯಲ್ಲಿ ಫಿನಾಯಿಲ್ ವಾಸನೆ ಕೂಡ ಬೇರೆ. ದಪ್ಪ ನರ್ಸಮ್ಮ ಮೇಜಿನಲ್ಲಿ ಏನೋ ಬರೆಯುತ್ತಿದ್ದಳು, ತಲೆಯೆತ್ತಲಿಲ್ಲ. ಗಾಡಿ ಹೋಗುವುದನ್ನು ಯಾರೂ ನೋಡುವುದಿಲ್ಲ. ಕೊನೆಯ ಕೋಣೆಯ ಬಾಗಿಲು ತೆರೆದೆ. ಬಿಳಿ ಗೋಡೆ, ಕಿಟಕಿಯ ತುಂಬ ಬೆಳಕು, ತಲೆಯ ಹತ್ತಿರ ಗಾಳಿಯ ಕೊಳವೆ, ಬಾಟಲಿ ನೇತುಹಾಕುವ ಕಂಬಿ, ಎಲ್ಲ ಇತ್ತು. ಮಂಚದ ಮೇಲೆ ನಮ್ಮ ಶೀಟು. ಇಸ್ತ್ರಿಯ ನಾಲ್ಕು ಗೆರೆ ಹಾಗೇ ಇದ್ದವು.

ಅಕ್ಕನನ್ನು ಎತ್ತಿ ಆ ಗೆರೆಗಳ ಮೇಲೆ ಮಲಗಿಸಿದೆ. ಕಣ್ಣು ತೆರೆದಳು. ಎಡಗೈ ಶೀಟಿನ ಮೇಲೆ ಸವರಿತು. ಅವಳ ಬೆರಳಿಗೆ ಬಟ್ಟೆ ಗುರುತು ಸಿಕ್ಕಿತು.

"ಅಯ್ಯೋ ಪಾಪಿ," ಅಂದಳು ಮೆಲ್ಲಗೆ. "ಕನ್ಯೆ ಕೆಟ್ಲಲ್ಲೋ."

"ಯಾರೋ ಅದು ಒಳಗೆ?" ನರ್ಸಮ್ಮ ಬಾಗಿಲಲ್ಲಿದ್ದಳು. ಓಡಿ ಬಂದವಳು ಹಣೆ ಮುಟ್ಟಿದಳು, ಕೈ ನೋಡಿದಳು, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಕಂಕುಳವರೆಗೂ ಹೋದಳು. "ಇವಳು ಕೆಳಗಿನ ಜೇಬಿನಕ್ಕ ಅಲ್ವಾ? ಯಾರು ಅಡ್ಮಿಟ್ ಮಾಡಿದ್ದು?"

"ನಾನು."

"ನೀನು ಮಾಡೋ ಹಾಗಿಲ್ಲ ಕಣೋ. ದೊಡ್ಡ ಡಾಕ್ಟ್ರಿಗೆ ಹೇಳ್ಬೇಕು. ಹೇಳ್ದಿದ್ರೆ ನನ್ನ ಕೆಲಸ ಹೋಗುತ್ತೆ."

"ಹೇಳಿ. ಬಾಟಲಿ ಹಾಕ್ಬಿಟ್ಟು ಹೇಳಿ."

"ಡಾಕ್ಟ್ರು ಬರೀದೆ ಬಾಟಲಿ ಮುಟ್ಟೋ ಹಾಗಿಲ್ಲ." ಫೋನಿನ ಕಡೆ ಓಡಿದಳು.

ಸೊಂಟದಿಂದ ಪಟ್ಟಿಗಳನ್ನು ತೆಗೆದೆ. ಅಕ್ಕ ಮಲಗಿದ ಶೀಟಿನ ನಾಲ್ಕು ಮೂಲೆಗಳನ್ನು ಮಂಚದ ನಾಲ್ಕು ಕಂಬಿಗೆ ಕಟ್ಟಿದೆ. ಅವಳ ಸೊಂಟಕ್ಕೆ ಸಡಿಲಾಗಿ ಒಂದು ಸುತ್ತು, ಕಂಬಿಗೆ ಬಿಗಿಯಾಗಿ ಒಂದು. ಕೊನೆಯ ಪಟ್ಟಿಯಲ್ಲಿ ನನ್ನ ಎಡಗೈಯನ್ನು ತಲೆಯ ಹತ್ತಿರದ ಕಂಬಿಗೆ ಸೇರಿಸಿ, ಬಲಗೈ ಮತ್ತು ಹಲ್ಲಿನಲ್ಲಿ ಎಳೆದೆ. ಅಕ್ಕ ಕಲಿಸಿದ ಗಂಟು. ಆರೂ ಕಡೆ.

ದೊಡ್ಡ ಡಾಕ್ಟರು ಇಬ್ಬರು ಕಾವಲಿನವರೊಂದಿಗೆ ಬಂದರು. ಹಿಂದೆ ಮೇಸ್ತ್ರಿ. ದೊಡ್ಡ ಡಾಕ್ಟರು ಬೈಯಲಿಲ್ಲ. ಬೈಯುವುದು ಮೇಸ್ತ್ರಿಯಂಥವರ ಕೆಲಸ.

"ನೋಡಪ್ಪ, ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ವ್ಯವಸ್ಥೆ ಅಂತ ಒಂದು ಇರಬೇಕಲ್ಲ? ಕೆಳಗೆ ನಾನೂರು ಜನ ಸಾಲಲ್ಲಿ ಕಾಯ್ತಿದಾರೆ. ನಿಮ್ಮಕ್ಕನ್ನ ಇಲ್ಲಿ ಮಲಗಿಸ್ಕೊಂಡ್ರೆ ಅವರಿಗೆಲ್ಲ ಅನ್ಯಾಯ ಮಾಡಿದ ಹಾಗೆ."

"ಈ ಎಂಟು ಹಾಸಿಗೆ ಆ ನಾನೂರು ಜನಕ್ಕಾ ಸಾರ್ ಇಟ್ಟಿರೋದು?"

ಅವರು ಕೈಗಡಿಯಾರ ನೋಡಿದರು. "ಶೀಟಿನ ಸಮೇತ ಎತ್ತಿ. ಗಾಡೀಲಿ ಹಾಕಿ ಕೆಳಗೆ ಬಿಡಿ. ಅಲ್ಲಿ ನೋಡ್ತಾರೆ."

"ಇಲ್ಲೇ ನೋಡಿ ಸಾರ್. ನೀವೂ ಡಾಕ್ಟ್ರೇ ಅಲ್ವಾ? ಒಂದ್ಸಲ ಆ ಕೈ ನೋಡಿ."

ಕಾವಲಿನವರು ನಾಲ್ಕು ಮೂಲೆ ಹಿಡಿದು ಎಳೆದರು. ಗಂಟು ಬಿಗಿಯಿತು. ಇನ್ನೊಮ್ಮೆ ಎಳೆದರು. ಮಂಚವೇ ಒಂದು ಅಡಿ ಮುಂದೆ ಬಂತು. ಅಕ್ಕ ನರಳಿದಳು. ಮೇಸ್ತ್ರಿ ನುಗ್ಗಿ ಬಂದು ಉಗುರು ಹಾಕಿ ಕೆದಕಿದ.

"ಸೂಳೆಮಗ, ಏನೋ ಇದು ಗಂಟು!"

"ಎಳೀರಿ ಮೇಸ್ತ್ರಿ. ಎಳೆದಷ್ಟೂ ಒಳ್ಳೇದು."

"ಕತ್ತರಿ ಕೊಡಿ ಸಿಸ್ಟರ್," ಅಂದರು ದೊಡ್ಡ ಡಾಕ್ಟರು.

ನರ್ಸಮ್ಮನ ಕೈ ಕೋಟಿನ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಬಟ್ಟೆಯ ಮೇಲಿಂದಲೇ ಆ ಬಾಗಿದ ಮೂತಿ ನನಗೆ ಕಾಣುತ್ತಿತ್ತು.

"ಇಲ್ಲ ಸರ್," ಅಂದಳು. "ಕತ್ತರಿ ಒಗೆಯೋಕೆ ಹೋದ ಕೋಟಲ್ಲೇ ಉಳಿದುಬಿಟ್ಟಿದೆ."

"ಹಾಗಾದ್ರೆ ಒಗೆಯೋರನ್ನೇ ಕರೀರಿ. ಅವರೇ ಬಂದು ಬಿಚ್ಚಲಿ."

ಮೇಸ್ತ್ರಿ ಓಡಿದ. ಲಿಫ್ಟಿನಲ್ಲಿ ಮೂರು ಸಲವಾಗಿ ಅವರು ಮೇಲೆ ಬಂದರು. ಇಸ್ತ್ರಿ ತಾತ, ಬಾಯ್ಲರಿನವನು, ಏಳು ಜನ ಹೆಂಗಸರು. ಅವರಲ್ಲಿ ಬಹಳ ಜನ ಗಾಡಿಯಿಲ್ಲದೆ ಈ ಮಹಡಿಗೆ ಬಂದದ್ದು ಅದೇ ಮೊದಲು. ಕೈಗಳಿಂದ ಇನ್ನೂ ನೊರೆ ತೊಟ್ಟಿಕ್ಕುತ್ತಿತ್ತು. ಎಂಟು ಬಾಗಿಲುಗಳನ್ನೂ ಒಂದೊಂದಾಗಿ ನೋಡುತ್ತ ಬಂದು ಮಂಚದ ಸುತ್ತ ನಿಂತರು.

"ಬಿಚ್ಚೋ ಮುದುಕ," ಅಂದ ಮೇಸ್ತ್ರಿ.

ತಾತ ಬಗ್ಗಿ ಮೂಲೆಯ ಗಂಟನ್ನು ನೋಡಿದ. ಕನ್ನಡಕ ಏರಿಸಿಕೊಂಡು ಇನ್ನೊಂದನ್ನು ನೋಡಿದ. ನಿಧಾನವಾಗಿ ಆರನ್ನೂ ನೋಡಿ ಮುಗಿಸಿದ.

"ಇಂಥ ಗಂಟು ನಾನು ನೋಡೇ ಇಲ್ಲ ಸಾಹೇಬ್ರೇ," ಅಂದ. "ನಮಗೆ ಬರಲ್ಲ."

"ನಿಮಗೆ?" ಮೇಸ್ತ್ರಿ ಹೆಂಗಸರ ಕಡೆ ತಿರುಗಿದ.

ಮುಂದಿದ್ದವಳು ನೆಲದ ಮೇಲೆ ಕೂತಳು. ಅವಳ ಪಕ್ಕದವಳೂ ಕೂತಳು. ಆಮೇಲೆ ಎಲ್ಲರೂ. ಕೆಳಗೆ ಬಾಯ್ಲರ್ ನಿಂತಿರಬೇಕು. ನೆಲದಡಿಯಿಂದ ದಿನವೂ ಬರುವ ಗುಂಯ್‌ ಸದ್ದು ಇರಲಿಲ್ಲ. ದೊಡ್ಡ ಡಾಕ್ಟರು ನರ್ಸಮ್ಮನ ಜೇಬನ್ನೇ ನೋಡುತ್ತಿದ್ದರು. ಬಾಟಲಿಯ ಕಂಬಿ ಖಾಲಿ ನಿಂತಿತ್ತು.

ನಾನು ಯಾರ ಮುಖವನ್ನೂ ನೋಡಲಿಲ್ಲ. ಅಕ್ಕನ ಎದೆಯ ಮೇಲೆ ಹೊದ್ದಿಸಿದ ಶೀಟಿನ ನೀಲಿ ಪಟ್ಟಿಯನ್ನೇ ನೋಡುತ್ತಿದ್ದೆ. ಎದ್ದಿತು. ಇಳಿಯಿತು. ಎದ್ದಿತು. ಇಳಿಯಿತು. ಮತ್ತೆ ಏಳಲು ತಡ ಮಾಡಿತು.